ಕುಳಗೇರಿ ಕ್ರಾಸಿನಿಂದ ಇಳಕಲ್ಲಿನವರೆಗೆ: ಹೆದ್ದಾರಿಯ ಮಾರ್ಗವೂ ಸ್ಥಳನಾಮವಿಚಾರವೂ

ಕನ್ನಡ ಸ್ಥಳನಾಮಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಚಾರವೆಲ್ಲ ಬಹುಮಟ್ಟಿಗೆ ಊರುಗಳನ್ನು ಆಶ್ರಯಿಸಿರುವುದು. ಊರು, ಹಳ್ಳಿ, ಪುರ, ಕೇರಿ, ಕೊಪ್ಪ, ವಾಡ ಮೊದಲಾದ ಉತ್ತರಪದಗಳ ಅರ್ಥವನ್ನೂ ಪ್ರಾಚೀನತೆಯನ್ನೂ ವಿದ್ವಾಂಸರು ಶಾಸನಗಳ ಸಹಾಯದಿಂದ ನಿರ್ಣಯಿಸುತ್ತ ಬಂದಿದ್ದಾರೆ. ಆದರೆ ಊರಿನಿಂದಲ್ಲದೆ ದಾರಿಯಿಂದಲೇ ಹುಟ್ಟಿದ ಹೆಸರುಗಳ ಕಡೆಗೆ ಅಷ್ಟಾಗಿ ದೃಷ್ಟಿ ಹರಿದಿಲ್ಲ. ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲೂಕಿನಲ್ಲಿರುವ ‘ಕುಳಗೇರಿ ಕ್ರಾಸ್’ ಎಂಬುದು ಅಂಥ ಹೆಸರುಗಳಲ್ಲೊಂದು. ಇದನ್ನು ಕೇಳಿದೊಡನೆ, ಕನ್ನಡ ಪದಕ್ಕೆ ಇಂಗ್ಲಿಷಿನ ತುಂಡನ್ನು ಹೊಲಿದ ಈ ಸಮಾಸವನ್ನು ತಿದ್ದಿ ‘ಕುಳಗೇರಿ ಚತುಷ್ಪಥ’ ಎಂದೋ ‘ಕುಳಗೇರಿ ಅಡ್ಡರಸ್ತೆ’ ಎಂದೋ ಬರೆಯಬಾರದೆ ಎಂಬ ಪ್ರಶ್ನೆಯು ಭಾಷಾಭಿಮಾನಿಗಳ ಮನಸ್ಸಿನಲ್ಲಿ ಏಳುವುದು ಸಹಜವಾಗಿದೆ. ಈ ಪ್ರಶ್ನೆಗೆ ಉತ್ತರವನ್ನು ಕೋಶಗಳಲ್ಲಿ ಹುಡುಕುವುದಕ್ಕಿಂತ ಮೊದಲು ಆ ದಾರಿಯಲ್ಲಿಯೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಆದುದರಿಂದ ಮೊದಲು ಮಾರ್ಗದ ಸ್ವರೂಪವನ್ನೂ, ಬಳಿಕ ಅದರ ಮೇಲಣ ಊರುಗಳ ಹೆಸರುಗಳ ಚರಿತ್ರೆಯನ್ನೂ, ಕಡೆಯಲ್ಲಿ ‘ಕ್ರಾಸ್’ ಶಬ್ದದ ನಿರ್ಣಯವನ್ನೂ ಇಲ್ಲಿ ಕ್ರಮವಾಗಿ ನಿರೂಪಿಸಲಾಗುವುದು.

೧. ಮಾರ್ಗದ ಸ್ವರೂಪ

ವಿಜಯಪುರದಿಂದ ದಕ್ಷಿಣಕ್ಕೆ ಎರಡು ದೊಡ್ಡ ದಾರಿಗಳು ಇಳಿಯುತ್ತವೆ. ಪಶ್ಚಿಮದ ದಾರಿಯು ಕೊಲ್ಹಾರದ ಬಳಿ ಕೃಷ್ಣೆಯನ್ನೂ ಅನಗವಾಡಿಯ ಬಳಿ ಘಟಪ್ರಭೆಯನ್ನೂ ದಾಟಿ, ಗದ್ದನಕೇರಿ ಕ್ರಾಸ್, ಕೆರೂರು, ಕುಳಗೇರಿ ಕ್ರಾಸ್‌ಗಳ ಮೇಲೆ ಹಾದು, ಕೊಣ್ಣೂರಿನಲ್ಲಿ ಮಲಪ್ರಭೆಯನ್ನು ಕಳೆದು, ನರಗುಂದ ನವಲಗುಂದಗಳ ಮೂಲಕ ಹುಬ್ಬಳ್ಳಿಯನ್ನು ಸೇರುತ್ತದೆ. ಪೂರ್ವದ ದಾರಿಯು ನಿಡಗುಂದಿಯನ್ನು ಬಿಟ್ಟು ಕೃಷ್ಣೆಯನ್ನು ದಾಟಿ, ಹುನಗುಂದ, ಇಳಕಲ್ಲ, ಕುಷ್ಟಗಿಗಳ ಮೇಲೆ ಹೊಸಪೇಟೆಗೂ ಅಲ್ಲಿಂದ ಚಿತ್ರದುರ್ಗಕ್ಕೂ ಹೋಗುತ್ತದೆ. ಇವೆರಡೂ ಇಂದು ರಾಷ್ಟ್ರೀಯ ಹೆದ್ದಾರಿಗಳು. ಇವನ್ನು ನಡುವೆ ಪೂರ್ವಪಶ್ಚಿಮವಾಗಿ ಕೂಡಿಸುವ ದಾರಿಯೇ ನಮ್ಮ ವಿಚಾರದ ವಿಷಯ. ಅದು ಕುಳಗೇರಿ ಕ್ರಾಸಿನಲ್ಲಿ ಪಶ್ಚಿಮದ ಹೆದ್ದಾರಿಯನ್ನು ಬಿಟ್ಟು, ಸುಮಾರು ೨೫ ಕಿಲೋಮೀಟರು ಪೂರ್ವಕ್ಕೆ ನಡೆದು ಬಾದಾಮಿಯನ್ನು ಮುಟ್ಟುತ್ತದೆ. ಅಲ್ಲಿಂದ ಸುಮಾರು ೨೨ ಕಿಲೋಮೀಟರಿಗೆ ಪಟ್ಟದಕಲ್ಲು, ಮುಂದೆ ಸುಮಾರು ೧೩ ಕಿಲೋಮೀಟರಿಗೆ ಐಹೊಳೆ. ಆಮೇಲೆ ಅಮೀನಗಡ, ಹುನಗುಂದ, ಇಳಕಲ್ಲ. ಎರಡು ಕಂಬಗಳ ನಡುವೆ ಕಟ್ಟಿದ ಏಣಿಯ ಮೆಟ್ಟಿಲಿನಂತೆ ಇದು ಎರಡು ಹೆದ್ದಾರಿಗಳ ನಡುವೆ ನಿಂತಿದೆ. ಇದರ ಬೇರೆ ಬೇರೆ ತುಂಡುಗಳಿಗೆ ಸರಕಾರದ ಪಟ್ಟಿಯಲ್ಲಿ ಬೇರೆ ಬೇರೆ ಸಂಖ್ಯೆಗಳುಂಟು. ಆದರೆ ನಡೆಯುವವನಿಗೆ ಇದು ಒಂದೇ ದಾರಿ.

ಕುಳಗೇರಿ ಕ್ರಾಸಿನ ಪಶ್ಚಿಮಕ್ಕೆ ರಾಮದುರ್ಗದ ಸೀಮೆ. ದಕ್ಷಿಣಕ್ಕೆ ನದಿಯಾಚೆ ನರಗುಂದದ ಸೀಮೆ. ಇಂದು ಬಾಗಲಕೋಟೆ, ಬೆಳಗಾವಿ, ಗದಗ ಎಂಬ ಮೂರು ಜಿಲ್ಲೆಗಳ ಅಂಚುಗಳು ಈ ಭಾಗದಲ್ಲಿ ಒಂದಕ್ಕೊಂದು ಸಮೀಪಿಸುತ್ತವೆ. ಹಿಂದೆಯೂ ಇದು ಗಡಿನಾಡೇ ಆಗಿತ್ತು. ರಾಮದುರ್ಗವು ೧೯೪೮ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ನರಗುಂದದ ಸಂಸ್ಥಾನವಾದರೋ ೧೮೫೮ರ ಬಂಡಾಯದೊಡನೆ ಅಳಿಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಬಾಬಾಸಾಹೇಬನ ಕಡೆಯವರು ಮ್ಯಾನ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಕೊಂದದ್ದು ರಾಮದುರ್ಗ ಸೀಮೆಯ ಸುರೇಬಾನದಲ್ಲಿ. ಬಾದಾಮಿಯ ಸೀಮೆಯು ಮೊದಲು ಕಲಾದಗಿ ಜಿಲ್ಲೆಗೂ, ಜಿಲ್ಲೆಯ ಮುಖ್ಯಸ್ಥಳವು ೧೮೮೫ರಲ್ಲಿ ಬದಲಾದ ಮೇಲೆ ವಿಜಾಪುರಕ್ಕೂ, ೧೯೯೭ರಿಂದೀಚೆಗೆ ಬಾಗಲಕೋಟೆಗೂ ಸೇರಿತು. ಹೀಗೆ ಒಡೆಯರೂ ಜಿಲ್ಲೆಗಳೂ ಬದಲಾದರೂ ದಾರಿಗಳು ಕೂಡುವ ಸ್ಥಳದ ಉಪಯೋಗವು ಬದಲಾಗಲಿಲ್ಲ. ಅದಕ್ಕೆ ಕಾರಣವು ರಾಜ್ಯಗಳ ಗಡಿಯಲ್ಲಿಲ್ಲ, ನೆಲದಲ್ಲಿದೆ.

೨. ನೆಲವೂ ನೀರೂ

ನವಲಗುಂದ ನರಗುಂದಗಳ ಬಯಲು ಎರೆಯ ನೆಲ. ಹತ್ತಿಗೂ ಜೋಳಕ್ಕೂ ಅದು ತಾಯಿಯಂತೆ. ದಾರಿಗೆ ಮಾತ್ರ ಮಲತಾಯಿ. ಬೇಸಗೆಯಲ್ಲಿ ಬಿರುಕುಬಿಡುವ ಎರೆಯು ಮಳೆಗಾಲದಲ್ಲಿ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಮಲಪ್ರಭೆಯನ್ನು ದಾಟಿ ಬಾದಾಮಿಯ ಕಡೆಗೆ ಹೊರಟರೆ ನೆಲದ ಗುಣವು ಬದಲಾಗುತ್ತದೆ: ಮಸಾರಿಯ ಕೆಂಪು ಮಣ್ಣು, ಮರಳುಗಲ್ಲಿನ ಬೆಟ್ಟ, ಕಲ್ಲುಹಾಸು. ಕೌಟಲ್ಯನು ಅರ್ಥಶಾಸ್ತ್ರದಲ್ಲಿ ವಣಿಕ್ಪಥಗಳನ್ನು ತೂಗಿ ನೋಡುವಾಗ ಕಾಲುದಾರಿಗಿಂತ ಬಂಡಿಯ ದಾರಿಯು ಮೇಲೆಂದೂ, ದೇಶಕಾಲಗಳನ್ನು ನೋಡಿ ಕತ್ತೆ ಒಂಟೆಗಳ ದಾರಿಯನ್ನೂ ಆಶ್ರಯಿಸಬಹುದೆಂದೂ ಹೇಳಿರುವನು. ಎರೆಯ ಬಯಲನ್ನು ಮಳೆಗಾಲದಲ್ಲಿ ಕಂಡವರಿಗೆ ಆ ಮಾತಿನ ಅರ್ಥವು ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಖಡಿ ಹಾಸಿದ ರಸ್ತೆಯೂ ಸೇತುವೆಯೂ ಬರುವವರೆಗೆ ಈ ಸೀಮೆಯ ವ್ಯಾಪಾರವು ಋತುವನ್ನು ಅನುಸರಿಸಿಯೇ ನಡೆಯಬೇಕಾಗಿತ್ತು.

ಎರಡನೆಯ ಕಾರಣವು ನದಿ. ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿಯ ಬಳಿ ನವಿಲುತೀರ್ಥದ ಬೆಟ್ಟವನ್ನು ಸೀಳಿಕೊಂಡು ಬಯಲಿಗೆ ಬಂದು, ಬಾದಾಮಿಯ ಮರಳುಗಲ್ಲಿನ ಬೆಟ್ಟಗಳನ್ನು ದಕ್ಷಿಣದಿಂದ ಸುತ್ತಿ, ಪಟ್ಟದಕಲ್ಲಿನ ಬಳಿ ಉತ್ತರವಾಹಿನಿಯಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ತಿರುವಿನ ಫಲವಾಗಿ ಹುಬ್ಬಳ್ಳಿಯಿಂದ ಹುನಗುಂದಕ್ಕೆ ಈ ಮಾರ್ಗವನ್ನು ಹಿಡಿದು ಹೋಗುವವನು ಒಂದೇ ನದಿಯನ್ನು ಎರಡು ಸಲ ದಾಟಬೇಕಾಗುತ್ತದೆ: ಕೊಣ್ಣೂರಿನಲ್ಲಿ ಒಮ್ಮೆ, ಪಟ್ಟದಕಲ್ಲನ್ನು ಬಿಟ್ಟ ಮೇಲೆ ಇನ್ನೊಮ್ಮೆ. ದಾಟುವ ಸ್ಥಳವು ದೊರೆತಲ್ಲಿ ದಾರಿಯು ಕಟ್ಟುಬೀಳುತ್ತದೆ; ಹೊಳೆಯು ತುಂಬಿದಾಗ ದಾರಿಯೂ ನಿಲ್ಲುತ್ತದೆ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಗೆ ನೆರೆ ಬಂದು ಕೊಣ್ಣೂರಿನ ಬಳಿ ಸಂಚಾರವು ನಿಂತುಹೋದಾಗ, ಹುಬ್ಬಳ್ಳಿ ವಿಜಯಪುರಗಳ ನಡುವಣ ದಾರಿಗೆ ಆ ಒಂದು ದಾಟು ಎಷ್ಟು ಮುಖ್ಯವೆಂಬುದು ಎಲ್ಲರಿಗೂ ಗೋಚರವಾಯಿತು.

ಮೂರನೆಯದು ಬೆಟ್ಟದ ಬಾಯಿ. ಬಾದಾಮಿಯ ಊರು ಎರಡು ಮರಳುಗಲ್ಲಿನ ಬೆಟ್ಟಗಳ ಸಂದಿನಲ್ಲಿ, ಅಗಸ್ತ್ಯತೀರ್ಥವೆಂಬ ಕೆರೆಯ ಕೆಳಗೆ, ಪಶ್ಚಿಮಕ್ಕೆ ಬಾಯ್ದೆರೆದುಕೊಂಡಿದೆ. ಆದುದರಿಂದ ಕುಳಗೇರಿಯ ಕಡೆಯಿಂದ ಬರುವ ದಾರಿಯು ಬೆಟ್ಟವನ್ನು ಹತ್ತದೆ ನೇರವಾಗಿ ಊರಿನ ಮುಂಭಾಗವನ್ನು ಸೇರುತ್ತದೆ. ಈ ನದೀತೀರವು ಮನುಷ್ಯನಿಗೆ ಎಷ್ಟು ಹಿಂದಿನಿಂದ ಪರಿಚಿತವೆಂಬುದನ್ನು ಬಾದಾಮಿ ತಾಲೂಕಿನ ಖ್ಯಾಡದಲ್ಲಿ ದೊರೆತ ಹಳೆಯ ಶಿಲಾಯುಗದ ಆಯುಧಗಳು ಸಾರುತ್ತವೆ. ಮಲಪ್ರಭೆಯ ಕೊಳ್ಳವನ್ನು ಕುರಿತು ಆರ್. ವಿ. ಜೋಶಿಯವರು ೧೯೫೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ವಿವರವುಂಟು.

೩. ದಾರಿಯ ಊರುಗಳ ಹೆಸರು

ಈಗ ಹೆಸರುಗಳ ವಿಚಾರ. ಮಾರ್ಗಕ್ಕೆ ದಕ್ಷಿಣದ ಬಾಗಿಲಿನಂತಿರುವ ಕೊಣ್ಣೂರಿನಿಂದ ಪ್ರಾರಂಭಿಸೋಣ. ಇಲ್ಲಿಯ ಶಾಸನವು ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಶಕ ೭೮೨ರ, ಎಂದರೆ ಕ್ರಿ. ಶ. ೮೬೦ರ ದಾನವನ್ನು ಹೇಳುತ್ತದೆ. ಬಂಕೇಯನು ಕಟ್ಟಿಸಿದ ಜಿನಾಲಯಕ್ಕೆ ಕೊಟ್ಟ ದತ್ತಿಯದು. ಈಗ ದೊರೆತಿರುವ ಕಲ್ಲು ಆ ಮೂಲಶಾಸನವನ್ನು ಬಹುಕಾಲದ ಮೇಲೆ ಮತ್ತೆ ಬರೆಯಿಸಿದ ಪ್ರತಿಯೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಅದರಲ್ಲಿ ಊರಿನ ಹೆಸರು ‘ಕೊಳನೂರ’. ಕೊಳದ ಊರು ಕೊಳನೂರಾಗಿ, ನಡುವಣ ಸ್ವರವು ಬಿದ್ದು ವ್ಯಂಜನಗಳು ಕೂಡಿಕೊಂಡು ಕೊಣ್ಣೂರಾಯಿತು. ಸಾವಿರ ವರ್ಷಗಳಲ್ಲಿ ಧ್ವನಿಯು ಸವೆದಿದೆ, ಹೆಸರು ಬದಲಾಗಿಲ್ಲ.

ಬಾದಾಮಿಗೆ ಶಾಸನಗಳಲ್ಲಿ ವಾತಾಪಿಯೆಂಬ ಸಂಸ್ಕೃತರೂಪವೂ ಬಾದಾವಿಯೆಂಬ ಕನ್ನಡರೂಪವೂ ಉಂಟು. ಶಕ ೪೬೫ರಲ್ಲಿ, ಎಂದರೆ ಕ್ರಿ. ಶ. ೫೪೩ರಲ್ಲಿ, ಮೊದಲನೆಯ ಪುಲಕೇಶಿಯು ಈ ಗಿರಿಯನ್ನು ದುರ್ಗವಾಗಿ ಮಾಡಿದನೆಂದು ಅಲ್ಲಿಯ ಬಂಡೆಯ ಮೇಲಣ ಸಂಸ್ಕೃತ ಶಾಸನವು ಹೇಳುತ್ತದೆ. ಕಾವ್ಯಶಾಸ್ತ್ರಗಳಲ್ಲಿಯೂ ಪುರಾಣಗಳಲ್ಲಿಯೂ ವಾತಾಪಿಗೆ ಎಷ್ಟೇ ಪ್ರತಿಷ್ಠೆಯಿದ್ದರೂ ಜನರ ನಾಲಗೆಯ ಮೇಲೆ ಉಳಿದದ್ದು ಬಾದಾಮಿಯೆ.

ಪಟ್ಟದಕಲ್ಲಿನ ಹಳೆಯ ಹೆಸರು ‘ಕಿಸುವೊೞಲ್’. ಕಿಸು ಎಂದರೆ ಕೆಂಪು, ಪೊೞಲ್ ಎಂದರೆ ಪಟ್ಟಣ. ಉತ್ತರಪದದ ಮೊದಲಲ್ಲಿರುವ ಪಕಾರಕ್ಕೆ ವಕಾರವು ಆದೇಶವಾಗಿ ಬಂದಿದೆ. ಸುತ್ತಣ ನಾಡಿಗೆ ಕಿಸುಕಾಡು ಎಪ್ಪತ್ತು ಎಂದು ಹೆಸರು. ಮೇಲೆ ಹೇಳಿದ ಕೆಂಪು ಮರಳುಗಲ್ಲೇ ಈ ಹೆಸರುಗಳಲ್ಲಿ ಅಕ್ಷರವಾಗಿ ನಿಂತಿದೆಯೆನ್ನಬಹುದು. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷದೇವಾಲಯವೂ ಅದರ ನೆರೆಯ ಗುಡಿಗಳೂ ೧೯೮೭ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಕಿಸುವೊೞಲನ್ನು ಸಂಸ್ಕೃತದಲ್ಲಿ ರಕ್ತಪುರವೆಂದು ಭಾಷಾಂತರಿಸಿದರು. ವ್ಯಾಕರಣದೃಷ್ಟಿಯಿಂದ ಆ ಭಾಷಾಂತರದಲ್ಲಿ ದೋಷವೇನೂ ಇಲ್ಲ. ಆದರೂ ಅದು ನಡೆಯಲಿಲ್ಲ. ಚಳುಕ್ಯರ ಪಟ್ಟಾಭಿಷೇಕದ ನೆನಪನ್ನು ಹೊತ್ತ ಪಟ್ಟದಕಲ್ಲೆಂಬ ಹೆಸರೇ ನಿಂತಿತು.

ಐಹೊಳೆಯದು ಇನ್ನೂ ವಿಶೇಷ. ಮೇಗುಟಿಯ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನವು ಶಕ ೫೫೬ರದು, ಕ್ರಿ. ಶ. ೬೩೪, ಕಾಳಿದಾಸ ಭಾರವಿಗಳ ಹೆಸರುಗಳನ್ನು ಒಟ್ಟಿಗೆ ಹೇಳುವುದರಿಂದ ಸಂಸ್ಕೃತಸಾಹಿತ್ಯದ ಕಾಲನಿರ್ಣಯದಲ್ಲಿ ಅದಕ್ಕಿರುವ ಸ್ಥಾನವು ಅಧ್ಯಾಪಕರಿಗೆಲ್ಲ ತಿಳಿದಿದೆ. ಆದರೆ ಹೆದ್ದಾರಿಯ ದೃಷ್ಟಿಯಿಂದ ನೋಡುವವನಿಗೆ ಐಹೊಳೆಯ ದೊಡ್ಡ ಕೀರ್ತಿಯು ಬೇರೆಯದು: ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘ. ಕತ್ತೆ ಕೋಣಗಳ ಮೇಲೆ ಸರಕನ್ನು ಹೇರಿಕೊಂಡು, ವೀರಬಣಂಜು ಧರ್ಮವನ್ನು ಹೇಳಿಕೊಳ್ಳುತ್ತ, ಕನ್ನಡ ತಮಿಳು ತೆಲುಗು ನಾಡುಗಳಲ್ಲೆಲ್ಲ ಇವರು ಸಂಚರಿಸಿದರು. ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ ದೊರೆತ ಕ್ರಿ. ಶ. ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರುಂಟು. ಇಂಥ ಸಂಘದ ಹೆಸರಿನ ತೌರು ಒಂದು ದಾರಿಯ ಮೇಲಣ ಊರಾಗಿರುವುದು ಆಶ್ಚರ್ಯವಲ್ಲ. ಸರಕು ನಡೆದಲ್ಲಿ ಸುಂಕವೂ ನಡೆಯುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳನ್ನು ಪಾಠಮಾಡುವ ಅಧ್ಯಾಪಕರು, ಹೆದ್ದಾರಿಯ ಮೇಲಣ ಇಂದಿನ ಸುಂಕದಕಟ್ಟೆಯನ್ನು ಶಿಷ್ಯರಿಗೆ ತೋರಿಸಿದರೆ ಅರ್ಧ ವ್ಯಾಖ್ಯಾನವು ಮುಗಿದಂತೆಯೇ.

ಈ ಅಯ್ಯಾವೊಳೆಯನ್ನೂ ಸಂಸ್ಕೃತದಲ್ಲಿ ಆರ್ಯಪುರವೆಂದು ಬರೆದರು. ಅದರ ಗತಿಯೂ ರಕ್ತಪುರದ ಗತಿಯೇ ಆಯಿತು. ಅಯ್ಯಾವೊಳೆಯು ಐಹೊಳೆಯಾಗಿ ಉಳಿಯಿತು, ಆರ್ಯಪುರವು ಗ್ರಂಥಸ್ಥವಾಯಿತು.

ಅಮೀನಗಡಕ್ಕೆ ಬಂದರೆ ಹೆಸರಿನ ಬಣ್ಣವೇ ಬೇರೆ. ಅಮೀನ ಎಂಬುದು ಅರಬ್ಬೀ ಮೂಲದಿಂದ ಆಡಳಿತದ ಮೂಲಕ ಬಂದ ಪದ. ಗಡವು ಕೋಟೆಯೆಂಬ ಅರ್ಥದಲ್ಲಿ ಮರಾಠಿ ಹಿಂದಿಗಳೊಡನೆ ನಮಗೆ ಸಾಮಾನ್ಯವಾದುದು. ಕರದಂಟಿಗೆ ಹೆಸರಾದ ಈ ಊರಿನ ಹೆಸರನ್ನು ತಿದ್ದಬೇಕೆಂದು ಯಾರಿಗೂ ತೋರಿಲ್ಲ. ಇಲ್ಲಿ ನಮ್ಮ ದಾರಿಯು ಬಾಗಲಕೋಟೆಯಿಂದ ಬರುವ ದಾರಿಯನ್ನು ಕೂಡುತ್ತದೆ. ಆ ದಾರಿಯು ಬಹುಕಾಲ ‘ರಾಯಚೂರು–ಬಾಚಿ’ ರಾಜ್ಯಹೆದ್ದಾರಿಯೆಂದು ಎರಡು ಕೊನೆಗಳ ಹೆಸರಿನಿಂದ ಪ್ರಸಿದ್ಧವಾಗಿದ್ದಿತು. ಮುಂದೆ ಹುನಗುಂದ, ಅಲ್ಲಿಂದ ಪೂರ್ವದ ಹೆದ್ದಾರಿಯನ್ನು ಹಿಡಿದು ಇಳಕಲ್ಲ. ಹತ್ತಿಯ ಒಡಲಿಗೆ ತೋಪು ತೆನೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುವ ಸೀರೆಯೂ ಕೆಂಪು ಗ್ರಾನೈಟು ಕಲ್ಲೂ ಇಳಕಲ್ಲಿನ ಹೆಸರನ್ನು ದೂರ ದೂರಕ್ಕೆ ಒಯ್ದಿವೆ.

೪. ‘ಕ್ರಾಸ್’ ಶಬ್ದವಿಚಾರ

ಸಂಸ್ಕೃತದಲ್ಲಿ ದಾರಿಗೆ ಹೆಸರುಗಳ ಕೊರತೆಯಿಲ್ಲ. ಅಮರಸಿಂಹನು ಹನ್ನೆರಡು ಪರ್ಯಾಯಗಳನ್ನು ಕೊಟ್ಟಿದ್ದಾನೆ. ನಾಲ್ಕು ದಾರಿ ಕೂಡುವ ಸ್ಥಳಕ್ಕೆ ಶೃಂಗಾಟಕ, ಚತುಷ್ಪಥ. ದೊಡ್ಡ ದಾರಿಗೆ ಘಂಟಾಪಥ. ಭಾರವಿಯ ಕಿರಾತಾರ್ಜುನೀಯಕ್ಕೆ ಬರೆದ ವ್ಯಾಖ್ಯಾನಕ್ಕೆ ಮಲ್ಲಿನಾಥನು ಘಂಟಾಪಥವೆಂದೇ ಹೆಸರಿಟ್ಟನಲ್ಲವೆ? ಕನ್ನಡದಲ್ಲಿಯೂ ಬಟ್ಟೆ, ದಾರಿ, ಹಾದಿಗಳಿವೆ. ಪೆರ್ ಎಂಬ ವಿಶೇಷಣವು ಸೇರಿ ಪೆರ್ವಟ್ಟೆ, ಹೆಬ್ಬಟ್ಟೆ, ಹೆದ್ದಾರಿಗಳಾದವು. ಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಇಂಥ ಊರಿಗೆ ಹೋದ ಬಟ್ಟೆ, ಹೆಬ್ಬಟ್ಟೆ ಎಂಬ ಮಾತುಗಳು ಬರುವುದನ್ನು ಓದುಗರು ಬಲ್ಲರು. ಇಷ್ಟು ಶಬ್ದಸಂಪತ್ತಿರುವಾಗ ಇಂಗ್ಲಿಷಿನ ‘ಕ್ರಾಸ್’ ಏಕೆ ಬೇಕು? ಇದು ಪೂರ್ವಪಕ್ಷ.

ಇದಕ್ಕೆ ಸಮಾಧಾನವನ್ನು ಮೂರು ಪ್ರಕಾರವಾಗಿ ಹೇಳಬಹುದು.

ಮೊದಲನೆಯದು ಅರ್ಥದ ವಿಚಾರ. ‘ಕ್ರಾಸ್’ ಎಂಬ ಒಂದೇ ಪದವು ಕನ್ನಡನಾಡಿನಲ್ಲಿ ಎರಡು ಅರ್ಥಗಳಲ್ಲಿ ನೆಲೆಗೊಂಡಿದೆ. ಬೆಂಗಳೂರಿನಲ್ಲಿ ಅದು ಮುಖ್ಯರಸ್ತೆಯನ್ನು ಕತ್ತರಿಸುವ ಬೀದಿ. ಅದನ್ನು ‘ಅಡ್ಡರಸ್ತೆ’ ಎಂದು ಭಾಷಾಂತರಿಸಿರುವುದು ಸರಿಯಾಗಿಯೇ ಇದೆ. ಉತ್ತರಕರ್ನಾಟಕದಲ್ಲಿ ಅದು ಬೀದಿಯಲ್ಲ, ಸ್ಥಳ: ದೊಡ್ಡ ದಾರಿಯಿಂದ ಒಂದು ಊರಿಗೆ ದಾರಿ ಒಡೆಯುವಲ್ಲಿ, ಬಸ್ಸು ನಿಲ್ಲುವಲ್ಲಿ, ಅಂಗಡಿ ಚಹಾದಂಗಡಿಗಳು ಹುಟ್ಟಿಕೊಂಡು ಕ್ರಮೇಣ ವಸತಿಯಾದ ಸ್ಥಳ. ಗದ್ದನಕೇರಿ ಕ್ರಾಸ್, ಬೀಳಗಿ ಕ್ರಾಸ್, ಹುಬ್ಬಳ್ಳಿಯ ದಕ್ಷಿಣದ ತಡಸ ಕ್ರಾಸ್ ಇವೆಲ್ಲ ಇದೇ ಜಾತಿಯವು. ಮೈಸೂರು ಸೀಮೆಯಲ್ಲಿಯೂ ಮಲೆನಾಡಿನಲ್ಲಿಯೂ ಇಂಥ ಸ್ಥಳಕ್ಕೆ ‘ಹ್ಯಾಂಡ್‌ಪೋಸ್ಟ್’ ಎಂಬ ಹೆಸರು ಕೆಲವೆಡೆ ಬಂದಿದೆ; ದಾರಿಯನ್ನು ತೋರುವ ಕೈಮರದಿಂದ ಹುಟ್ಟಿದ ಹೆಸರು ಅದು. ಹೀಗಿರಲು ‘ಕುಳಗೇರಿ ಅಡ್ಡರಸ್ತೆ’ ಎಂದರೆ ಕುಳಗೇರಿಯೆಂಬ ಪಟ್ಟಣದೊಳಗಿನ ಒಂದು ಓಣಿಯೆಂಬ ವಿಪರೀತಾರ್ಥವು ಹೊರಡುತ್ತದೆ. ‘ಚತುಷ್ಪಥ’ವೆಂದರೆ ದಾರಿಗಳು ಕೂಡುವುದು ಮಾತ್ರ ತಿಳಿಯುತ್ತದೆಯೇ ಹೊರತು, ಅಲ್ಲೊಂದು ಊರು ಬೆಳೆದಿದೆಯೆಂಬುದು ತಿಳಿಯುವುದಿಲ್ಲ. ಅಲ್ಲದೆ ಇಂದಿನ ವ್ಯವಹಾರದಲ್ಲಿ ನಾಲ್ಕು ಸಾಲುಗಳಾಗಿ ಅಗಲಿಸಿದ ಹೆದ್ದಾರಿಗೂ ಚತುಷ್ಪಥವೆನ್ನುವುದು ರೂಢಿಯಾಗಿದೆ. ಅದರಿಂದ ಭ್ರಾಂತಿಯು ಇಮ್ಮಡಿಯಾಗುತ್ತದೆ.

ಎರಡನೆಯದು ವ್ಯಾಕರಣದ ವಿಚಾರ. ಒಂದು ಪದವು ನಮ್ಮದಾಯಿತೆಂಬುದಕ್ಕೆ ಅದರ ಹುಟ್ಟು ಪ್ರಮಾಣವಲ್ಲ. ಅದು ನಮ್ಮ ವಿಭಕ್ತಿಗಳನ್ನು ಹೊತ್ತು ನಡೆಯುತ್ತದೆಯೇ ಎಂಬುದು ಪ್ರಮಾಣ. ಕ್ರಾಸಿಗೆ, ಕ್ರಾಸಿನಿಂದ, ಕ್ರಾಸಿನಲ್ಲಿ, ಕ್ರಾಸಿನವರು ಎಂದು ಈ ಪದವು ಉಕಾರಾಂತ ನಾಮಗಳಂತೆ ನಿರಾಯಾಸವಾಗಿ ನಡೆಯುತ್ತಿದೆ. ಪೂರ್ವಪದವಾದ ‘ಕುಳಗೇರಿ’ಯಾದರೋ ಅಚ್ಚಗನ್ನಡದ ಸಮಾಸಸ್ವರೂಪವನ್ನು ತೋರುತ್ತದೆ, ಕೇರಿಯ ಕಕಾರಕ್ಕೆ ಗಕಾರವು ಆದೇಶವಾಗಿದೆ. ಕೇಶಿರಾಜನ ಸೂತ್ರಗಳಿಗೆ ಉದಾಹರಣೆಯಾಗಬಲ್ಲ ಸಮಾಸವೊಂದು ಹೊಸ ಉತ್ತರಪದವನ್ನು ತನ್ನ ಹಿಂದೆ ಕಟ್ಟಿಕೊಂಡು ಇನ್ನೊಂದು ಸಮಾಸವಾಗಿದೆ. ರಸ್ತೆಯು ಪಾರಸಿಯಿಂದ ಬಂತು. ಸಡಕು, ಠಾಣೆಗಳು ಹೊರಗಿನಿಂದ ಬಂದವು. ಅವನ್ನು ಒಪ್ಪಿದ ನಮಗೆ ಕ್ರಾಸನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸುವುದಕ್ಕೆ ನ್ಯಾಯವಾದ ಕಾರಣವು ಕಾಣುವುದಿಲ್ಲ.

ಮೂರನೆಯದು, ಮುಖ್ಯವಾದುದು, ಚರಿತ್ರೆಯ ವಿಚಾರ. ಈ ದಾರಿಯೇ ನಮಗೆ ಸಾಕ್ಷಿ. ವಾತಾಪಿ, ರಕ್ತಪುರ, ಆರ್ಯಪುರಗಳು ವಿದ್ವಾಂಸರು ಬಳಸಿದ ಹೆಸರುಗಳು; ಬಾದಾಮಿ, ಪಟ್ಟದಕಲ್ಲು, ಐಹೊಳೆಗಳು ದಾರಿಯಲ್ಲಿ ನಡೆದವರು ಉಳಿಸಿದ ಹೆಸರುಗಳು. ಸಾಮ್ರಾಜ್ಯದ ಬೆಂಬಲವಿದ್ದ ಭಾಷಾಂತರಗಳೇ ನಿಲ್ಲದಿರುವಾಗ, ಇಂದಿನ ಫಲಕದ ಮೇಲೆ ಬರೆದ ಭಾಷಾಂತರವು ನಿಲ್ಲುವುದೆಂದು ನಂಬುವುದು ಕಷ್ಟ. ಅದಕ್ಕಿಂತ ಹೆಚ್ಚಿನ ಹಾನಿಯೊಂದುಂಟು. ಕಿಸುವೊೞಲೆಂಬ ಹೆಸರು ಆ ನೆಲದ ಕಲ್ಲಿನ ಬಣ್ಣವನ್ನು ನಮಗೆ ಹೇಳುವಂತೆ, ಕೊಳನೂರು ಅಲ್ಲಿಯ ಕೊಳವನ್ನು ಹೇಳುವಂತೆ, ಅಮೀನಗಡವು ಒಂದು ಕಾಲದ ಆಡಳಿತವನ್ನು ಹೇಳುವಂತೆ, ‘ಕ್ರಾಸ್’ ಎಂಬುದು ಖಡಿರಸ್ತೆಯೂ ಮೋಟಾರೂ ಊರುಗಳನ್ನು ಹುಟ್ಟಿಸಿದ ಒಂದು ಕಾಲವನ್ನು ಹೇಳುತ್ತದೆ. ಅದನ್ನು ಅಳಿಸಿ ಚತುಷ್ಪಥವೆಂದು ಬರೆದರೆ, ಮುಂದೊಂದು ದಿನ ಓದುವವನು ಆ ಸ್ಥಳವನ್ನು ಚಳುಕ್ಯರ ಕಾಲದ್ದೆಂದು ಭಾವಿಸಿದರೆ ತಪ್ಪು ಅವನದಲ್ಲ, ನಮ್ಮದು.

೫. ಸಂಖ್ಯೆಯೂ ಹೆಸರೂ

ಕಡೆಯದಾಗಿ ಒಂದು ಮಾತು. ಪಶ್ಚಿಮದ ಹೆದ್ದಾರಿಯು ಮೊದಲು ೨೧೮ನೆಯದಾಗಿದ್ದು, ೨೦೧೦ರಲ್ಲಿ ಪ್ರಾರಂಭವಾದ ಹೊಸ ಕ್ರಮದಲ್ಲಿ ೫೨ನೆಯದಾಯಿತು. ಪೂರ್ವದ ೧೩ನೆಯದು ೫೦ನೆಯದಾಯಿತು. ರಾಯಚೂರು–ಬಾಚಿಯ ದಾರಿಗೂ ಹೊಸ ಸಂಖ್ಯೆ ಬಂದಿತು. ಸಂಖ್ಯೆಗಳು ಇಲಾಖೆಗೆ ಅವಶ್ಯಕವಾದವು, ಅವನ್ನು ದೂಷಿಸಬೇಕಾದುದಿಲ್ಲ. ಆದರೆ ಸಂಖ್ಯೆಯು ತನ್ನ ಪಟ್ಟಿಯನ್ನು ಬಿಟ್ಟು ಬೇರೆ ಏನನ್ನೂ ಹೇಳಲಾರದು. ಪೌಷದ ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಗೆ ಹೊರಟ ಪಶ್ಚಿಮಸೀಮೆಯ ಯಾತ್ರಿಕನು ೫೨ರಲ್ಲಿ ಇಳಿಯುತ್ತೇನೆಂದು ಹೇಳುವುದಿಲ್ಲ. ಕುಳಗೇರಿ ಕ್ರಾಸಿನಲ್ಲಿ ಇಳಿಯುತ್ತೇನೆಂದು ಹೇಳುತ್ತಾನೆ. ಹೋಗುವ ಊರಿನ ಹೆಸರಿನಿಂದಲೇ ದಾರಿಯನ್ನು ಗುರುತಿಸಿದ ಶಾಸನಕಾರರ ಪದ್ಧತಿಯು ಈ ಯಾತ್ರಿಕನ ಬಾಯಲ್ಲಿ ಇಂದಿಗೂ ಜೀವಿಸಿದೆ.

ಆದರೆ ಈ ಹೆಸರುಗಳಿಗೆ ಅಪಾಯವಿಲ್ಲವೆಂದು ಹೇಳಲಾಗದು. ದಾರಿಯಿಂದ ಹುಟ್ಟಿದ ಹೆಸರು ದಾರಿಯು ತಿರುಗಿದರೆ ಅಳಿಯುತ್ತದೆ. ಊರಿನ ಹೊರಗೆ ಬಳಸುದಾರಿಯು ಬಂದು ಬಸ್ಸು ಬೇರೆಡೆ ನಿಂತರೆ, ಎರಡು ತಲೆಮಾರುಗಳಲ್ಲಿ ‘ಕ್ರಾಸ್’ ಎಂಬುದು ಅರ್ಥವಿಲ್ಲದ ಶಬ್ದವಾಗಬಹುದು. ಸ್ಥಳನಾಮಗಳ ಸಂಗ್ರಹವನ್ನು ಮಾಡುವವರು ಕಂದಾಯದ ಗ್ರಾಮಗಳ ಪಟ್ಟಿಯನ್ನು ಮಾತ್ರ ಆಧಾರವಾಗಿಟ್ಟುಕೊಂಡರೆ ಇಂಥವು ಅದರಲ್ಲಿ ಸೇರದೆ ಹೋಗುವ ಸಂಭವವು ಹೆಚ್ಚು. ಆದುದರಿಂದ ಕ್ರಾಸ್, ಗೇಟ್, ಹ್ಯಾಂಡ್‌ಪೋಸ್ಟ್ ಮೊದಲಾದ ಉತ್ತರಪದಗಳನ್ನು ಊರು ಹಳ್ಳಿಗಳ ಸಾಲಿನಲ್ಲಿಯೇ ಸ್ಥಳನಾಮಕೋಶಕ್ಕೆ ಸೇರಿಸತಕ್ಕದ್ದು. ಪ್ರತಿಯೊಂದಕ್ಕೂ ಅದು ಯಾವ ದಾರಿಗಳ ಕೂಟ, ಜನರು ಅದನ್ನು ಹೇಗೆ ಉಚ್ಚರಿಸುತ್ತಾರೆ, ಮೂಲಗ್ರಾಮವು ಎಷ್ಟು ದೂರ ಎಂಬುದನ್ನು ಬರೆದಿಡತಕ್ಕದ್ದು. ಪ್ರೌಢಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ತಮ್ಮ ದಾರಿಯ ಹೆಸರುಗಳನ್ನು ಶಿಷ್ಯರಿಂದ ಸಂಗ್ರಹಿಸಿದರೆ ಈ ಕೆಲಸವು ಬಹುಬೇಗ ಕೈಗೂಡುವುದು. ಕೊಣ್ಣೂರಿನ ಕಲ್ಲಿನ ಮೇಲೆ ಹಳೆಯ ಶಾಸನವನ್ನು ಮತ್ತೆ ಬರೆಯಿಸಿದ ಆ ಮಹನೀಯರು ‘ಕೊಳನೂರ’ವನ್ನು ತಮಗೆ ತೋರಿದಂತೆ ಅಂದಗೊಳಿಸಿದ್ದರೆ, ಕೊಣ್ಣೂರೆಂಬ ಹೆಸರಿನ ಮೂಲವು ಇಂದು ನಮಗೆ ತಿಳಿಯುತ್ತಿರಲಿಲ್ಲ. ಅವರು ತೋರಿದ ನಿಷ್ಠೆಯನ್ನು ಕುಳಗೇರಿ ಕ್ರಾಸಿನ ವಿಷಯದಲ್ಲಿ ನಾವೂ ತೋರಬೇಕೆಂದು ವಿದ್ವಾಂಸರಲ್ಲಿ ಬಿನ್ನಹ.